ಅಟ್ಟದ ಕಾಯಿಯೊಡನೆ ಸಿಂಹಳಕ್ಕೆ

ಅರಸೀಕೆರೆ

ಮಾಘ ಶುದ್ಧ ದಶಮಿ, ಗುರುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ ಅರಸೀಕೆರೆ ರೈಲ್ವೆ ಸ್ಟೇಷನ್. ಹಾಜರಿದ್ದವರು: ನಾನು, ನನ್ನ ತಮ್ಮ ಕೇಶವ, ಮತ್ತು ನಮ್ಮನ್ನು ರೈಲು ಹತ್ತಿಸಲು ಹಿಂದಿನ ಸಂಜೆಯೇ ಕಣಕಟ್ಟೆಯಿಂದ ಬಂದು ನೆಂಟರ ಮನೆಯಲ್ಲಿ ಉಳಿದಿದ್ದ ಮರುಳಪ್ಪ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ದಿನವೂ ಹಾಜರಿ ಹಾಕಿದ ಕೈ ಇದು. ದಿನ, ಗಂಟೆ, ಜನ ಇಷ್ಟನ್ನು ಬರೆಯದೆ ಮುಂದಕ್ಕೆ ಓಡುವುದಿಲ್ಲ.

ನಾವು ಸಿಂಹಳಕ್ಕೆ ಹೊರಟಿದ್ದೆವು. ನಯಾಪೈಸೆ ಬಂದು ಎರಡು ವರ್ಷವಾಗಿದ್ದ ಕಾಲ. ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಕೇಶವ ಮೈಸೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳುತ್ತಿದ್ದವನು. ಅವನ ಒಂದು ಉಪನ್ಯಾಸ ಕೇಳಿದ ಹಿರಿಯ ಅಧಿಕಾರಿಯೊಬ್ಬರು ಅವನನ್ನು ಬೊಂಬಾಯಿಗೆ ಕರೆದೊಯ್ದಿದ್ದರು. ಬ್ಯಾಂಕುಗಳಿಗೆಲ್ಲ ಬ್ಯಾಂಕು ಎನ್ನುತ್ತಾರಲ್ಲ, ಆ ದೊಡ್ಡ ಬ್ಯಾಂಕಿಗೆ. ಕಾಲೇಜು ಅವನ ಕುರ್ಚಿಯನ್ನು ಖಾಲಿ ಇಟ್ಟು ಕಾಯುತ್ತಿತ್ತು. ಆ ಕಾಯುವಿಕೆಯ ಅವಧಿ ಅದೇ ತಿಂಗಳು ಮುಗಿಯುವುದರಲ್ಲಿತ್ತು. ಸಿಂಹಳದ ಕೇಂದ್ರ ಬ್ಯಾಂಕಿನಲ್ಲಿ ಒಂದು ಸಭೆ ಇತ್ತು. ಬೊಂಬಾಯಿಯವರು ಇವನನ್ನು ಕಳಿಸಿದ್ದರು. ಅದರಿಂದ ಹಿಂತಿರುಗಿದ ಮೇಲೆ ಮೈಸೂರಿಗೆ ಹೋಗಿ, ಮರಳಿ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಪ್ರಿನ್ಸಿಪಾಲರಿಗೆ ಬಾಯಾರೆ ಹೇಳಬೇಕಿತ್ತು.

"ಅಕ್ಕ, ನೀನೂ ಬಾ. ದಾರೀಲಿ ಯೋಚನೆ ಮಾಡೋಣ," ಎಂದು ಅವನೇ ಕರೆದಿದ್ದ.

ನನ್ನ ಮಟ್ಟಿಗೆ ಯೋಚನೆ ಮುಗಿದಿತ್ತು. ಅಮ್ಮ ತೀರಿಹೋದಾಗ ಅವನಿಗೆ ಸರಿಯಾಗಿ ಮಾತು ಬರುತ್ತಿರಲಿಲ್ಲ. ಅಪ್ಪ ಬೇಲೂರು ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಾನು ಓದಿ ಟೀಚರಾಗಿ, ಅರಸೀಕೆರೆಯಲ್ಲಿ ಮನೆ ಮಾಡಿ ಅವನನ್ನು ಜೊತೆಗಿಟ್ಟುಕೊಂಡೆ. ಮೈಸೂರಿಗೆ ಓದಲು ಹೋದ. ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋದ. ಮದುವೆಯ ಮಾತು ಬಂದಾಗಲೆಲ್ಲ ಯಾವುದಾದರೊಂದು ಪರೀಕ್ಷೆ ಅಡ್ಡ ಬಂತು. ಈಗ ಅವನು ಮೈಸೂರಿಗೆ ಮರಳುತ್ತಾನೆ, ನಾವಿಬ್ಬರೂ ಒಂದೇ ಮನೆಯಲ್ಲಿರುತ್ತೇವೆ ಎಂದು ಅಲ್ಲಿ ಒಂದು ಮನೆ ನೋಡಿ, ಮುಂಗಡ ಕೊಟ್ಟು, ಬೀಗದ ಕೈಯನ್ನೂ ಇಸಿದುಕೊಂಡಿದ್ದೆ. ಮುಂದೆ ಜಗಲಿ, ಹಿಂದೆ ಬಾವಿ, ಬಾವಿಯ ಪಕ್ಕ ಒಂದು ಕರಿಬೇವು. ಆ ಕೈ ನನ್ನ ಸೊಂಟದ ಚೀಲದಲ್ಲಿತ್ತು.

ಅವನಿಗೂ ಮರಳುವ ಆಸೆಯೇ. "ಬ್ಯಾಂಕಲ್ಲಿ ನಾನು ಬರೆದದ್ದರ ಕೆಳಗೆ ನನ್ನ ಹೆಸರಿರಲ್ಲ ಅಕ್ಕ. ಯಾರು ಓದಿದರೋ, ಯಾರು ಹೊಡೆದುಹಾಕಿದರೋ, ಅದು ಯಾವ ಊರಿಗೆ ಹೋಗಿ ಏನಾಯ್ತೋ, ಒಂದೂ ಗೊತ್ತಾಗಲ್ಲ. ಕ್ಲಾಸಲ್ಲಾದರೆ ಎದುರಿಗೆ ಮುಖ ಇರುತ್ತೆ," ಎನ್ನುತ್ತಿದ್ದ.

ಮರುಳಪ್ಪನ ಮಗಳು ನನ್ನ ಶಾಲೆಯಲ್ಲಿ ಓದಿದವಳು. ಆ ಬಳಕೆಯಲ್ಲಿ ಅವನು ಸಿಂಹಳದಲ್ಲಿ ನಾವು ಇಳಿದುಕೊಳ್ಳುವ ಮನೆಯವರಿಗೆಂದು ಅಟ್ಟದ ಕಾಯಿಗಳನ್ನು ತಂದಿದ್ದ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ನಾವು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತೇವೆ. ಕತ್ತಲಲ್ಲಿ, ಕೆಳಗಿನ ಒಲೆಯ ಹೊಗೆಯಲ್ಲಿ, ಒಳಗಿನ ನೀರು ತಾನೇ ಇಂಗಿ, ತಿರುಳು ಕರಟ ಬಿಟ್ಟು, ಇಡೀ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು. ಒಡೆದರೆ ಸಮುದ್ರದ ಗಾಳಿಗೆ ಕಮಟೀತೆಂದು ಮರುಳಪ್ಪ ಸಿಪ್ಪೆ ಮಾತ್ರ ಸುಲಿದು ಕರಟದಲ್ಲೇ ಇಟ್ಟು ತಂದಿದ್ದ.

"ಸಂದಾಕಿರೋವೇ ಆರಿಸಿವ್ನಿ ಕಣ್ರವ್ವ," ಎಂದ. "ಈ ಸಲ ಅಟ್ಟ ಅರ್ಧ ಖಾಲಿ. ಸೊಸೈಟಿಯೋರು ದೀಪಾವಳಿಗೇ ಸಾಲ ಕಟ್ಟು ಅಂತ ಕುಂತ್ರು. ಕಾಯಿ ಇನ್ನೂ ಗುಳುಗುಳು ಅಂತಿತ್ತು. ನೀರ್ಗಾಯ್ನೇ ಸಾಬ್ರಿಗೆ ಮಾರ್ಬಿಟ್ಟೆ."

ಕೇಶವ ದೊಡ್ಡ ಮನುಷ್ಯರು ತಲೆಯಾಡಿಸುವ ಹಾಗೆ ತಲೆಯಾಡಿಸಿ ಸಿಗ್ನಲ್ ಕಡೆ ನೋಡಿದ. ನಾನು ಚೀಲದ ಬಾಯಿ ಹೊಲಿದಿದೆಯೇ ಎಂದು ನೋಡಿದೆ. ರೈಲು ಬಂತು.

ಧನುಷ್ಕೋಟಿ

ಮದರಾಸಿನಿಂದ ಹೊರಟ ರೈಲು ರಾತ್ರಿಯೆಲ್ಲ ದಕ್ಷಿಣಕ್ಕೆ ಓಡಿ, ಮರುದಿನ ಮಧ್ಯಾಹ್ನ ಸಮುದ್ರದ ಮೇಲೇ ಹೊರಟಿತು. ಪಾಂಬನ್ ಸೇತುವೆಯ ಮೇಲೆ ಎರಡೂ ಕಡೆ ನೀರು. ಕಿಟಕಿಯಿಂದ ಕೆಳಗೆ ನೋಡಿದರೆ ನೆಲವೇ ಇಲ್ಲ. ಜೊತೆಗಿದ್ದವರು ಮಾತು ನಿಲ್ಲಿಸಿದರು. ನಾನು ಕನಸು ಕಾಣುವ ಜಾತಿಯವಳಲ್ಲ. ರಾತ್ರಿ ಒಂಬತ್ತಕ್ಕೆ ಮಲಗಿದರೆ ನಾಲ್ಕೂವರೆಗೆ ಏಳುವುದು, ನಡುವೆ ಏನೂ ಇಲ್ಲ. ಆದರೆ ಆ ಮಧ್ಯಾಹ್ನ, ಎಚ್ಚರವಿದ್ದಾಗಲೇ ನಿದ್ದೆಯೊಳಗೆ ಕಾಲಿಟ್ಟಂತಾಯಿತು.

ಧನುಷ್ಕೋಟಿಯಲ್ಲಿ ರೈಲು ನಿಂತ ಕಡೆಯೇ ಹಡಗು ನಿಂತಿತ್ತು. ಮರಳು, ಗಾಳಿ, ಒಂದು ಸ್ಟೇಷನ್, ಒಂದು ಅಂಚೆ ಕಚೇರಿ, ಮೀನು ಒಣಹಾಕಿದ ಬಲೆಗಳು. ಇದನ್ನು ಬರೆಯುವ ಹೊತ್ತಿಗೆ ಆ ಊರೇ ಇಲ್ಲ. ಬಿರುಗಾಳಿಯೊಂದರಲ್ಲಿ ಸಮುದ್ರ ಅದನ್ನು ಎಳೆದುಕೊಂಡಿತು. ನಾನು ಕಾಲೂರಿ ನಿಂತು ಅವಲಕ್ಕಿ ಬಿಚ್ಚಿ ತಿಂದ ಜಾಗದ ಮೇಲೆ ಈಗ ಅಲೆ ಆಡುತ್ತದೆ ಎಂದು ನೆನೆದರೆ, ಆ ಅವಲಕ್ಕಿಯನ್ನೂ ತಿಂದೆನೋ ಇಲ್ಲವೋ ಎನ್ನಿಸುತ್ತದೆ.

ಹಡಗು ಹೊರಟಾಗ ಸಂಜೆಯಾಗಿತ್ತು. ಸಮುದ್ರ ನಮ್ಮ ಕಂತೇನಹಳ್ಳಿ ಕೆರೆಯಷ್ಟೇ ತಣ್ಣಗಿತ್ತು. ಪಕ್ಕದಲ್ಲಿ ಚಹಾ ತೋಟಗಳಿಗೆ ಹಿಂತಿರುಗುತ್ತಿದ್ದ ತಮಿಳು ಹೆಂಗಸರು ಕುಳಿತು, ಊರಿನಿಂದ ತಂದ ತುಳಸಿ ಗಿಡವೊಂದಕ್ಕೆ ಸೆರಗು ಮರೆ ಮಾಡಿದ್ದರು. ಅವರೆಲ್ಲ ಎರಡು ಊರಿನವರು. ಯಾವ ದಡ ಬಿಟ್ಟರೂ ಇನ್ನೊಂದರ ಮಾತು.

ಆಚೆ ದಡ ತಲೈಮನ್ನಾರ್. ಅಲ್ಲಿಯ ಸುಂಕದ ಅಧಿಕಾರಿ ನನ್ನ ಚೀಲ ಬಿಚ್ಚಿದ, ಒಂದು ಕಾಯಿ ಎತ್ತಿಕೊಂಡ, ಕಿವಿಯ ಹತ್ತಿರ ಅಲ್ಲಾಡಿಸಿದ. ಬೇಲೂರಿನ ಅರ್ಚಕರ ಮನೆಗಳ ಒಡನಾಟದಿಂದ ನನಗೆ ಅಷ್ಟಿಷ್ಟು ತಮಿಳು ಬರುತ್ತದೆ. ಸಿಂಹಳಕ್ಕೆ ತೆಂಗಿನಕಾಯಿ ಹೊತ್ತು ತಂದವರು ಇವರೇ ಮೊದಲು, ಅದೂ ನೀರಿಲ್ಲದ್ದು ಎಂದು ಪಕ್ಕದವನಿಗೆ ಹೇಳಿ ನಕ್ಕ. ಇದು ಮೊಳೆಯುವುದಿಲ್ಲ, ರೋಗವೂ ತರುವುದಿಲ್ಲ ಎಂದು ತಾನೇ ತೀರ್ಮಾನಿಸಿ ಬಿಟ್ಟುಕೊಟ್ಟ. ಕೇಶವ ಕೆಂಪಾಗಿ ದೂರ ನಿಂತಿದ್ದ. ನಾನು ಚೀಲವನ್ನು ಮತ್ತೆ ಹೊಲಿದೆ. ಸೂಜಿದಾರ ನನ್ನ ಹತ್ತಿರ ಯಾವಾಗಲೂ ಇರುತ್ತದೆ.

ಕೊಲಂಬೊ

ಬೆಳಗಿನ ಜಾವ ರೈಲಿನಲ್ಲಿ ಕಣ್ಣು ಬಿಟ್ಟಾಗ ಕಿಟಕಿಯಾಚೆ ಮಂಜು, ಮಂಜಿನೊಳಗೆ ತೆಂಗಿನ ತೋಟ, ತೋಟದೊಳಗೆ ಯಾರದೋ ಮನೆಯ ಹೊಗೆ. "ಬಾಣಾವರ ಬಂತೇನೋ?" ಎಂದು, ನಮ್ಮೂರ ಪಕ್ಕದ ಸ್ಟೇಷನ್ನೆಂದೇ ತಿಳಿದು ಕೇಳಿದೆ.

"ಇನ್ನೂ ದೂರ ಇದೆ ಅಕ್ಕ. ಮಲಗು," ಎಂದ ಕೇಶವ. ನಗದೆ ಹೇಳಿದ್ದರಿಂದ ನಾನೂ ನಂಬಿ ಮಲಗಿದೆ. ಮತ್ತೆ ಎದ್ದಾಗ ಕೊಲಂಬೊ.

ಕೇಶವನೊಡನೆ ಲಂಡನ್ನಿನಲ್ಲಿ ಓದಿದ ಗುಣಪಾಲ ಎಂಬವರು ಅಲ್ಲಿಯ ಕೇಂದ್ರ ಬ್ಯಾಂಕಿನಲ್ಲಿದ್ದರು. ಅವರ ಮನೆ ಪಟ್ಟಣದ ಹೊರಗೆ, ತೆಂಗಿನ ತೋಟದ ನಡುವೆ. ಅವರ ತಾಯಿ ಬಿಳಿ ಸೀರೆಯ ಮುದುಕಿ, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಬಾಗಿಲಲ್ಲಿ ಕೈಮುಗಿದು ಗುಣಪಾಲರು ನನ್ನನ್ನು "ಅಕ್ಕಾ" ಎಂದರು. ಕೇಶವ ಹೇಳಿಕೊಟ್ಟಿದ್ದಾನೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅವರ ಮಾತಿನಲ್ಲೂ ಅಕ್ಕ ಅಕ್ಕನೇ, ಅಮ್ಮ ಅಮ್ಮನೇ. ನಡುವಿನ ಒಂದು ಸಮುದ್ರ ಇವೆರಡನ್ನು ಮುಟ್ಟಿಯೇ ಇಲ್ಲ.

ಊಟದಲ್ಲಿ ಒಂದು ಪೇಚಾಟವಾಯಿತು. ನಮ್ಮ ಒಣಚಟ್ನಿಯನ್ನೇ ಹೋಲುವ, ಕಾಯಿತುರಿ ಮತ್ತು ಮೆಣಸಿನಕಾಯಿ ಹಾಕಿ ಅರೆದದ್ದನ್ನು ಬಡಿಸಿದರು. ನೋಡಿದರೇ ಬಾಯಲ್ಲಿ ನೀರು ಬರುವಂತಿತ್ತು. ಬೆರಳಿಗೆ ಹಚ್ಚಿಕೊಂಡಿದ್ದೆ, ಕೇಶವ ಕೆಮ್ಮಿದ. ಶಾಲೆಯಲ್ಲಿ ಇನ್‌ಸ್ಪೆಕ್ಟರ್ ಬಂದಾಗ ಟೀಚರುಗಳು ಕೆಮ್ಮುವ ಕೆಮ್ಮು ಅದು. ಕೈ ನಿಲ್ಲಿಸಿದೆ. ಅದರಲ್ಲಿ ಒಣಮೀನಿನ ಪುಡಿ ಇದೆಯಂತೆ; ಅವರಿಗೆ ಅದು ಉಪ್ಪಿನಂತೆ, ಲೆಕ್ಕಕ್ಕೇ ಇಲ್ಲ. ಮುದುಕಿಗೆ ಸಂಗತಿ ತಿಳಿದು, ನಾನಿದ್ದಷ್ಟು ದಿನ ನನಗೆ ಬೇರೆಯೇ ಒಂದು ಮಡಕೆ ತೆಗೆದಿಟ್ಟು, ಹಾಲಿನಂಥ ತೆಂಗಿನ ರಸದಲ್ಲಿ ಅನ್ನ ಬೇಯಿಸಿ ಕೊಟ್ಟರು. ಮಾತು ಬೆರೆಯದ ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ಕುಳಿತು ಕಾಯಿ ತುರಿದೆವು. ಅವರ ತುರಿಯುವ ಮಣೆ ನಮ್ಮದರ ಅಣ್ಣ ತಮ್ಮ. ತುರಿ ಬಟ್ಟಲಿಗೆ ಉದುರುವ ಸದ್ದು ಕೇಳುತ್ತ ನಾನು ಯಾವ ದೇಶದಲ್ಲಿದ್ದೇನೆ ಎಂಬುದು ಆಗಾಗ ತಪ್ಪಿಹೋಗುತ್ತಿತ್ತು.

ಮರುಳಪ್ಪನ ಕಾಯಿಗಳನ್ನು ಬಂದ ದಿನವೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ. ಮುದುಕಿ ಎರಡು ಕೈಯಲ್ಲಿ ತೆಗೆದುಕೊಂಡು, ಅಲ್ಲಾಡಿಸಿ, ಮುಖದಲ್ಲಿ ಏನನ್ನೂ ತೋರಿಸದೆ ಒಳಗೆ ಒಯ್ದರು. ಮಾರನೆಯ ಬೆಳಿಗ್ಗೆ ನಾನು ಹಿತ್ತಲಿಗೆ ಹೋದೆ. ಅಲ್ಲಿ ಅವರು ಕೊಬ್ಬರಿ ಮಾಡುವ ಗೂಡು ಇತ್ತು. ಅವರ ರೀತಿ ಬೇರೆ. ಹಸಿ ಕಾಯಿಯನ್ನು ಎರಡು ಹೋಳು ಮಾಡಿ, ತಟ್ಟಿಯ ಮೇಲೆ ಹರಡಿ, ಕೆಳಗೆ ಕರಟದ ಬೆಂಕಿ ಹಾಕುತ್ತಾರೆ; ವಾರದೊಳಗೆ ಕೊಬ್ಬರಿ ಸಿದ್ಧ. ಆ ಬೆಂಕಿಗೆಂದು ಗುಡ್ಡೆ ಹಾಕಿದ ಕರಟಗಳ ಮೇಲೆ, ನಮ್ಮ ಅಟ್ಟದ ಕಾಯಿಗಳು ಸಾಲಾಗಿ ಕುಳಿತಿದ್ದವು.

ಕಣಕಟ್ಟೆಯಲ್ಲಿ ಒಂದು ವರ್ಷ ಹೊಗೆ ಕುಡಿದು ಬಂದವು, ಇಲ್ಲಿ ಸೌದೆಯಾಗಲಿದ್ದವು. ಕೊಟ್ಟ ಮೇಲೆ ಅದು ಅವರದು. ಅತಿಥಿಯಾಗಿ ಬಂದವಳು ಹೀಗೆ ಮಾಡಿ ಹಾಗೆ ಮಾಡಿ ಎನ್ನಬಾರದು. ಆದರೆ ಕೇಶವನಿಗೆ ಮಾತ್ರ ಹೇಳಿದೆ.

ಸಂಜೆ ಮೊಗಸಾಲೆಯಲ್ಲಿ ಚಹಾಕ್ಕೆ ಗುಣಪಾಲರ ಬ್ಯಾಂಕಿನವರೊಬ್ಬರು, ತೆಂಗಿನ ಇಲಾಖೆಯ ಅಧಿಕಾರಿಯೊಬ್ಬರು ಬಂದಿದ್ದರು. ಎಲ್ಲರ ಮಾತೂ ಇಂಗ್ಲಿಷಿನಲ್ಲಿ, ಎಲ್ಲವೂ ಸಭೆಯ ವಿಷಯ. ಕೇಶವ ಎದ್ದು ಹಿತ್ತಲಿಗೆ ಹೋದ. ಬರುವಾಗ ಕೈಯಲ್ಲಿ ಒಂದು ಕಾಯಿ, ಒಂದು ಮಚ್ಚು. ಕೋಟು ತೆಗೆದು ಕುರ್ಚಿಗೆ ಹಾಕಿ, ಮೆಟ್ಟಿಲ ಮೇಲೆ ಕುಕ್ಕುರುಗಾಲಲ್ಲಿ ಕುಳಿತು, ಮಚ್ಚಿನ ಬೆನ್ನಿನಿಂದ ಕರಟದ ಸುತ್ತ ತಟ್ಟತೊಡಗಿದ. ಅರಸೀಕೆರೆಯ ನಮ್ಮ ಬಾಡಿಗೆ ಮನೆಯ ಅಟ್ಟದಲ್ಲಿ ಮನೆ ಮಾಲೀಕರ ಕಾಯಿ ತುಂಬಿರುತ್ತಿತ್ತು. ಕಾಯಿ ಇಳಿಸುವ ಕಾಲಕ್ಕೆ ಇವನೂ ಹೀಗೆಯೇ ಆಳುಗಳ ಜೊತೆ ಕೂರುತ್ತಿದ್ದ. ರಾತ್ರಿ ಓದುವಾಗ ಇಲಿಗಳು ತಲೆಯ ಮೇಲೆ ಕಾಯಿ ಉರುಳಿಸಿದರೆ ಬೆಚ್ಚಿ ನನ್ನ ಸೆರಗಿಗೆ ಬರುತ್ತಿದ್ದವನೂ ಇವನೇ.

ಕರಟ ಚೂರಾಗಿ ಕಳಚಿತು. ಒಳಗಿನಿಂದ ಒಡೆಯದ, ಬಿರಿಯದ, ಕಂದು ಸಿಪ್ಪೆಯ ಇಡೀ ಉಂಡೆ ಅವನ ಅಂಗೈಗೆ ಬಂದು ಕುಳಿತಿತು. ಹೋಳು ಮಾಡಿ ಎಲ್ಲರಿಗೂ ಕೊಟ್ಟ. ಮುದುಕಿ ತಮ್ಮ ತಾಳೆಮರದ ಕಪ್ಪು ಬೆಲ್ಲದ ಚೂರಿನೊಡನೆ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ಆಮೇಲೆ ಮಗನಿಗೆ ಏನೋ ಹೇಳಿದರು. ನೀರು ಹೋದ ಕಾಯಿಯನ್ನು ತಮ್ಮಲ್ಲಿ ಸತ್ತ ಕಾಯಿ ಎನ್ನುತ್ತಾರಂತೆ. ಅಕ್ಕ ಯಾಕೆ ಸತ್ತ ಕಾಯಿ ತಂದರೋ ಎಂದು ರಾತ್ರಿಯೆಲ್ಲ ಯೋಚಿಸಿದರಂತೆ.

ಎಲ್ಲರೂ ನಕ್ಕರು. ಕೇಶವ ಹೇಳತೊಡಗಿದ: ಅಟ್ಟ, ಕತ್ತಲು, ಹೊಗೆ, ಇಲಿ, ನೀರು ಇಂಗುವ ನಿಧಾನ. ಅವನು ಪಾಠ ಹೇಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸಭೆಯ ವಿಷಯ ಮರೆತು ಅವರೆಲ್ಲ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಇವನ ಜಾಗ ಕ್ಲಾಸೇ ಎಂದು ನನ್ನ ಕೈ ಸೊಂಟದ ಚೀಲಕ್ಕೆ ಹೋಯಿತು.

ತೆಂಗಿನ ಇಲಾಖೆಯ ಅಧಿಕಾರಿ ಕೇಳಿದರು, "ಹೀಗೆ ಆಗಲು ಎಷ್ಟು ಕಾಲ ಬೇಕು?"

"ಒಂದು ವರ್ಷ," ಎಂದ ಕೇಶವ. ಎಂದವನು ಅಲ್ಲಿಗೇ ನಿಂತ. ಕೈಯಲ್ಲಿದ್ದ ಹೋಳನ್ನು ನೋಡಿದ. ಗುಣಪಾಲರು ಚಹಾ ತರಿಸಿದರು.

ಪೊಲನ್ನರುವ

ಹೊರಡುವ ದಿನ ಮುದುಕಿ ತಮ್ಮ ತೋಟದ್ದೊಂದು ಕಾಯಿಯನ್ನು ಸಿಪ್ಪೆಸಮೇತ ತಂದು ನನ್ನ ಮಡಿಲಿಗೆ ಹಾಕಿದರು. ಇದನ್ನು ನಿಮ್ಮ ಅಟ್ಟದಲ್ಲಿಡಿ, ವರ್ಷ ಕಳೆದ ಮೇಲೆ ನಮ್ಮ ಕಾಯಿಯೂ ಹಾಗೆ ಆಗುತ್ತದೋ ಇಲ್ಲವೋ ತಿಳಿಸಿ ಎಂದರು. ಮಗ ಅದನ್ನು ಇಂಗ್ಲಿಷಿಗೆ ತರುವ ಮೊದಲೇ ನನಗೆ ಅರ್ಥವಾಗಿತ್ತು.

ಗುಣಪಾಲರ ಕಾರು ನಮ್ಮನ್ನು ಪೊಲನ್ನರುವದಲ್ಲಿ ಇಳಿಸಿತು. ಕಾಡು ನುಂಗಿ ಬಿಟ್ಟುಕೊಟ್ಟ ಹಳೆಯ ರಾಜಧಾನಿ. ಅರಮನೆಯ ಮೊಂಡುಗೋಡೆ, ಸೂರಿಲ್ಲದ ಗುಡಿಗಳು, ಕೋತಿಗಳು. ಪಕ್ಕದಲ್ಲಿ ಆಚೆ ದಡ ಕಾಣದ ಕೆರೆ. ಅದಕ್ಕೆ ಪರಾಕ್ರಮ ಸಮುದ್ರ ಎಂದು ಹೆಸರು. ಹಳೇಬೀಡಿನ ಕೆರೆಗೂ ಹಾಗೆಯೇ ತಾನೆ, ದ್ವಾರಸಮುದ್ರ? ಅಲ್ಲೂ ಏರಿಯ ಪಕ್ಕದಲ್ಲಿ ಪಾಳುಬಿದ್ದ ಪಟ್ಟಣ. ಅಪ್ಪ ದೇವಸ್ಥಾನದ ಕೆಲಸಕ್ಕೆ ಹಳೇಬೀಡಿಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಕೆರೆಯನ್ನು ಸಮುದ್ರ ಎನ್ನುವ ರಾಜರು ಎರಡೂ ಕಡೆ ಅಳಿದುಹೋದರು. ಎರಡು ಕಡೆಯೂ ನೀರು ಉಳಿಯಿತು. ಬಿಸಿಲು ಇಳಿದು ನೀರಿನ ಮೇಲೆ ಹೊಗೆಯಂಥ ಬೆಳಕು ಬಿದ್ದಾಗ, ಏರಿಯ ಆಚೆ ಹೊಯ್ಸಳೇಶ್ವರ ಕಾಣುತ್ತದೆ ಎಂದು ತಿರುಗಿ ನೋಡಿದೆ. ಎಮ್ಮೆಗಳಿದ್ದವು.

ಅಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮಲಗಿದ ಬುದ್ಧನಿದ್ದಾನೆ. ತಲೆದಿಂಬು ಕೂಡ ಕಲ್ಲಿನದು, ಆದರೆ ತಲೆಯ ಭಾರಕ್ಕೆ ಕುಸಿದಂತೆ ಕಡೆದಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬ ಕೈಕಟ್ಟಿ ನಿಂತಿದ್ದಾನೆ. ಅವನು ಯಾರೆಂದು ಅಲ್ಲಿಯವರಲ್ಲೇ ಒಮ್ಮತವಿಲ್ಲ. ಗುರು ಹೊರಟುಹೋದನೆಂದು ಶಿಷ್ಯ ನಿಂತಿದ್ದಾನೆ ಎಂದು ಕೆಲವರು ಹೇಳುತ್ತಾರಂತೆ. ಕೇಶವ ಆ ನಿಂತವನ ಮುಂದೆ ಬಹಳ ಹೊತ್ತು ನಿಂತ.

ಕೆರೆಯ ಏರಿಯ ಮೇಲೆ ಕುಳಿತಾಗ ಬಾಯಿ ಬಿಟ್ಟ.

"ಅಕ್ಕ, ಮರುಳಪ್ಪ ಸ್ಟೇಷನ್ನಲ್ಲಿ ಹೇಳಿದ್ನಲ್ಲ, ದೀಪಾವಳಿಗೇ ಸಾಲ ಕಟ್ಟು ಅಂದ್ರು ಅಂತ. ಆರು ತಿಂಗಳ ಗಡುವು ಅದು. ಸೊಸೈಟಿಗಳಿಗೆ ಆ ನಿಯಮ ಹೋಗಿದ್ದು ನಮ್ಮ ಬ್ಯಾಂಕಿಂದ. ಅದಕ್ಕೆ ಆಧಾರ ಅಂತ ಟಿಪ್ಪಣಿ ಬರೆದವನು ನಾನು."

ನನಗೆ ತಟ್ಟನೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಯಾವ ಬೆಳೆ ಕೈಗೆ ಬರಲು ಎಷ್ಟು ಕಾಲ, ಅದಕ್ಕೆ ತಕ್ಕಂತೆ ಸಾಲದ ಗಡುವು ಎಷ್ಟು ಎಂದು ಬರೆಯುವುದು ಅವನ ಕೆಲಸ. ಪುಸ್ತಕಗಳಲ್ಲಿ ಕೊಬ್ಬರಿ ಒಣಗಲು ಒಂದು ವಾರ ಎಂದಿತ್ತು. ಅದು ಕಡಲ ಕರೆಯ ಲೆಕ್ಕ, ಹೋಳು ಮಾಡಿ ಒಣಗಿಸುವವರ ಲೆಕ್ಕ. ಇವನು ಅದನ್ನೇ ನಂಬಿ, ಆರು ತಿಂಗಳ ಗಡುವು ಧಾರಾಳ ಎಂದು ಬರೆದ. ಮೇಲಿನವರು ಒಪ್ಪಿದರು. ಆ ಕಾಗದ ತಿರುಗಿ ತಿರುಗಿ ಕಣಕಟ್ಟೆಗೆ ಬಂದು, ನೀರು ಇಂಗದ ಕಾಯಿಯನ್ನು ಅಟ್ಟದಿಂದ ಇಳಿಸಿತು.

"ಅಟ್ಟದ ಕೆಳಗೇ ಕೂತು ಓದಿದವನು ಕಣೋ ನೀನು," ಎಂದೆ.

"ಅದೇ ಅಕ್ಕ. ಬರೆಯುವಾಗ ನೆನಪಿಗೇ ಬರಲಿಲ್ಲ. ಅದು ಮನೆ, ಇದು ಅರ್ಥಶಾಸ್ತ್ರ ಅಂತ ಎರಡು ಬೇರೆ ಡಬ್ಬಿ ಇತ್ತು ತಲೇಲಿ."

ನೀರಿನ ಮೇಲೆ ಕೊಕ್ಕರೆಗಳು ಮನೆಗೆ ಹೊರಟಿದ್ದವು. ಅವನು, ಬೇರೆ ಯಾರಾದರೂ ಅದನ್ನು ತಿದ್ದುತ್ತಾರೆ, ತಾನು ಗುಣಪಾಲರ ಹತ್ತಿರವೂ ಮಾತಾಡಿದ್ದೇನೆ, ಬೊಂಬಾಯಿ ಬಿಡುವ ಮುಂಚೆ ಒಂದು ಕಾಗದ ಬರೆದಿಟ್ಟು ಬರುತ್ತೇನೆ, ಮೈಸೂರಿನ ಮನೆ ನೋಡಿ ಆಗಿದೆಯಲ್ಲ ಎಂದ. ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ ಹೇಳಿದ. ನಾನು ಹೂಂ ಎನ್ನಬಹುದಿತ್ತು. ಹೂಂ ಎಂದರೆ ಜಗಲಿ, ಬಾವಿ, ಕರಿಬೇವು. ಎದ್ದು ಸೀರೆಯ ಧೂಳು ಕೊಡವಿ, ರೈಲಿಗೆ ಹೊತ್ತಾಯಿತು ಎಂದೆ.

ಬೇಲೂರು

ಹಿಂದಿರುಗುವ ದಾರಿಯುದ್ದಕ್ಕೂ ಆ ಸಿಂಹಳದ ಕಾಯಿ ನನ್ನ ಪಕ್ಕದಲ್ಲಿತ್ತು. ಹಡಗು ಓಲಾಡಿದಾಗ ಅದರೊಳಗಿನ ನೀರೂ ಓಲಾಡುತ್ತಿತ್ತು. ರೈಲಿನಲ್ಲಿ, ತಲೆಯ ಹತ್ತಿರ ಇಟ್ಟುಕೊಂಡರೆ, ಕಂಬಿಯ ಪ್ರತಿ ಸಂದಿಗೂ ಗುಳುಕ್ ಎನ್ನುತ್ತಿತ್ತು. ನಿದ್ದೆಯೂ ಅಲ್ಲ ಎಚ್ಚರವೂ ಅಲ್ಲದ ಹೊತ್ತಿನಲ್ಲಿ ಅದು ಸಮುದ್ರದ ಸದ್ದೋ, ಮರುಳಪ್ಪನ ಖಾಲಿ ಅಟ್ಟದ್ದೋ ಗೊತ್ತಾಗುತ್ತಿರಲಿಲ್ಲ. ನನ್ನ ಒಂಬತ್ತು ಗಂಟೆಯ ನಿದ್ದೆ ಆ ಕಾಯಿಯಿಂದ ಕೆಟ್ಟಿತು.

ಅರಸೀಕೆರೆಯಲ್ಲಿ ಇಳಿದು ಸಾಮಾನು ಮನೆಗೆ ಹಾಕಿ, ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬೇಲೂರಿಗೆ ಹೋದೆವು. ದೂರ ಹೋಗಿ ಬಂದವರು ಚೆನ್ನಕೇಶವನಿಗೆ ಮುಖ ತೋರಿಸಬೇಕೆಂದು ಅಪ್ಪನ ಕಾಲದಿಂದ ಬಂದ ಪದ್ಧತಿ. ಗರ್ಭಗುಡಿಯ ಬಾಗಿಲಲ್ಲಿ ಶಿಂಗಾಚಾರ್ಯರು ತೀರ್ಥದ ಬಟ್ಟಲು ಹಿಡಿದು ನಿಂತಿದ್ದರು. ಅಪ್ಪನ ಗೆಳೆಯರು, ಈಗ ಕಣ್ಣು ಮಂಜು. ದನಿಯಿಂದಲೇ ಗುರುತು ಹಿಡಿದರು.

"ಸಮುದ್ರ ದಾಟಿ ಬಂದ್ಯಂತೆ ಕಣಮ್ಮ," ಎಂದರು ನನಗೆ.

"ಹೌದು ಮಾಮ. ಪ್ರಾಯಶ್ಚಿತ್ತ ಏನಾದರೂ ಇದೆಯೇ?"

"ಕೋತಿಗಳು ಕಲ್ಲು ಹಾಕ್ಕೊಂಡು ದಾಟಿದ್ದನ್ನ ಸಮುದ್ರ ಅಂತಾರೇನಮ್ಮ, ಹಳ್ಳ ಅದು," ಎಂದು ತೀರ್ಥ ಕೊಟ್ಟರು. ಆಮೇಲೆ ಕೇಶವನ ಕಡೆ ತಿರುಗಿ, "ಏನೋ ಕೇಶು, ನೋಟಿನ ಮೇಲೆ ನಿನ್ನ ರುಜು ಯಾವಾಗಪ್ಪ ಬರೋದು? ನಾನಿರೋದ್ರೊಳಗೆ ಬರಲಿ," ಎಂದರು.

"ನಾನು ಬರೆಯೋದಕ್ಕೆ ರುಜು ಇರಲ್ಲ ಮಾಮ."

"ನಮ್ಮ ಶಿಲ್ಪಿಗಳು ಮೇಲಿನ ಬೊಂಬೆಗೆಲ್ಲ ಹೆಸರು ಕೆತ್ಕೊಂಡಿದ್ದಾರೆ. ಕೆಳಗಿನ ಆನೆ ಸಾಲಿಗೆ ಯಾವನೂ ಕೆತ್ಕೊಂಡಿಲ್ಲ," ಎಂದರು ಶಿಂಗಾಚಾರ್ಯರು, ಯಾರಿಗೂ ಹೇಳದವರಂತೆ, ಮತ್ತು ಮುಂದಿನವರಿಗೆ ತೀರ್ಥ ಕೊಡಲು ಹೋದರು. ಅದು ನಿಜವೋ ಅವರ ಕಲ್ಪನೆಯೋ ನಾನು ವಿಚಾರಿಸಿಲ್ಲ.

ಹಳೇಬೀಡು

ಬರುವಾಗ ಬಸ್ಸು ಹಳೇಬೀಡಿನಲ್ಲಿ ಕೆಟ್ಟು ನಿಂತಿತು. ಡ್ರೈವರು ಕೆಳಗೆ ಮಲಗಿ ಏನೋ ತಿರುವುತ್ತಿದ್ದ. ಕಂಡಕ್ಟರು, "ಅರ್ಧ ಗಂಟೆ ಆಯ್ತದೆ, ದೇವಸ್ಥಾನ ನೋಡ್ಕೊಂಡ್ ಬನ್ನಿ," ಎಂದ. ನಾವು ಕೆರೆಯ ಕಡೆ ಹೋಗಿ ಏರಿಯ ಕಲ್ಲಿನ ಮೇಲೆ ಕುಳಿತೆವು.

ಅದೇ ನೀರು. ಅದೇ ಹೊಗೆಯಂಥ ಬೆಳಕು. ಎಮ್ಮೆಗಳೂ ಇದ್ದವು. ನಾವು ಪೊಲನ್ನರುವದಿಂದ ಎದ್ದೇ ಬಂದಿಲ್ಲ, ಅಲ್ಲಿ ನಿಂತ ಮಾತು ಇಲ್ಲಿ ಮುಂದುವರಿಯಲು ಕಾದು ಕುಳಿತಿದೆ ಎನ್ನಿಸಿತು. ನಾನು ಸೊಂಟದ ಚೀಲ ಬಿಚ್ಚಿ ಬೀಗದ ಕೈ ತೆಗೆದು ಅವನ ಕೈಗಿಟ್ಟೆ.

"ಇವತ್ತು ಸಂಜೆ ಮೈಸೂರಿಗೆ ಹೋಗ್ತೀಯಲ್ಲ, ಇದನ್ನ ಮನೆಯವರಿಗೆ ಕೊಟ್ಬಿಡು."

ಅವನು ಬೀಗದ ಕೈಯನ್ನು ನೋಡಿದ, ನನ್ನನ್ನು ನೋಡಿದ. "ಅಕ್ಕ, ನೀನು ಎಷ್ಟು ಆಸೆಯಿಂದ..."

"ಆಸೆ ಇತ್ತು. ಈಗಲೂ ಇದೆ. ವರ್ಷದ ಕಾಯಿಗೆ ಆರು ತಿಂಗಳು ಅಂತ ಬರೆದವನು ನೀನು. ಅದನ್ನ ಹಾಗೇ ಬಿಟ್ಟು ಬಂದು ಯಾವ ಹುಡುಗರಿಗೆ ಏನು ಪಾಠ ಹೇಳ್ತೀಯೋ? ತಪ್ಪು ಬರೆದ ಹಲಗೆ ಒರೆಸದೆ ನಾನು ಯಾವ ಟೀಚರನ್ನೂ ಮನೆಗೆ ಕಳಿಸಿದವಳಲ್ಲ."

"ಒರೆಸೋದು ಒಂದು ದಿನದ ಕೆಲಸ ಅಲ್ಲ ಅಕ್ಕ. ಅಲ್ಲಿ ಒಂದು ಸಾಲು ಬದಲಾಗಬೇಕಾದರೆ ಎಷ್ಟು ಮೇಜು ದಾಟಬೇಕು ಗೊತ್ತಾ? ಮೈಸೂರಿನ ಕುರ್ಚಿ ಆಮೇಲೆ ಇರಲ್ಲ."

"ಗೊತ್ತು. ಅದಕ್ಕೇ ಬೀಗದ ಕೈ ಕೊಟ್ಟಿದ್ದು."

ಅವನು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ನೀರನ್ನೇ ನೋಡುತ್ತಿದ್ದ. ಎಳೆಯನಾಗಿದ್ದಾಗ ಇಲಿಯ ಸದ್ದಿಗೆ ಹೆದರಿ ಹೀಗೆಯೇ ಮುಷ್ಟಿ ಹಿಡಿಯುತ್ತಿದ್ದ. ಕೊನೆಗೆ, "ನಿನಗೆ ಬೊಂಬಾಯಿ ಹಿಡಿಸಲ್ಲ," ಎಂದ.

"ನೋಡಿದವರ್ಯಾರು? ಸಿಂಹಳವೇ ಹಿಡಿಸಿತು. ಕರೆದರೆ ಬರ್ತೀನಿ, ಅಂಬೊಡೆ ಮಾಡಿ ಹಾಕಿ ವಾಪಸು ಬರ್ತೀನಿ."

ಆಗ ನಕ್ಕ. ಬಸ್ಸಿನ ಹಾರನ್ ಕೇಳಿತು.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ಸಾಲು ಬದಲಾಗಲು ಎಷ್ಟೋ ಮೇಜು ದಾಟಬೇಕಾಯಿತು; ಎಷ್ಟೋ ಮಾಘ ಕಳೆದವು. ಬದಲಾಯಿತು. ಅದರ ಕೆಳಗೆ ಯಾರ ಹೆಸರೂ ಇಲ್ಲ. ಮರುಳಪ್ಪನಿಗೆ ಇವತ್ತಿಗೂ ಗಡುವು ಯಾಕೆ ಮುಂದೆ ಹೋಯಿತು ಎಂದು ತಿಳಿಯದು. ಮಳೆ ಚೆನ್ನಾಗಿ ಆದ ವರ್ಷ ಸರ್ಕಾರಕ್ಕೂ ಬುದ್ಧಿ ಬರುತ್ತದೆ ಎನ್ನುತ್ತಾನೆ. ನಾವು ತಿದ್ದಲು ಹೋಗಿಲ್ಲ.

ಅರಸೀಕೆರೆ

ಅದೇ ದಿನ ಸಂಜೆ ಕೇಶವ ಮೈಸೂರಿನ ರೈಲು ಹತ್ತಿದ. ಕಿಟಕಿಯಿಂದ ಕೈ ಬೀಸಲಿಲ್ಲ, ಬೀಗದ ಕೈಯನ್ನು ಎತ್ತಿ ತೋರಿಸಿದ. ಗಾರ್ಡಿನ ಹಸಿರು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು ಮನೆಗೆ ಬಂದೆ.

ದೀಪ ಹಚ್ಚಿ, ಅನ್ನಕ್ಕಿಟ್ಟೆ. ಹಾಸಿಗೆ ಕೊಡವಿದೆ. ಪ್ರಯಾಣದ ಸೀರೆಗಳನ್ನು ನೆನೆಹಾಕಿದೆ. ಒಂದು ಕೆಲಸ ಉಳಿದಿತ್ತು. ಅಡುಗೆಮನೆಯ ಏಣಿಯನ್ನು ಅಟ್ಟಕ್ಕೆ ಆನಿಸಿ, ಸಿಂಹಳದ ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹತ್ತಿದೆ. ಮೇಲೆ ಮನೆ ಮಾಲೀಕರ ಕಾಯಿಗಳು ಕತ್ತಲಲ್ಲಿ ಒಂದಕ್ಕೊಂದು ಒರಗಿ ಮಲಗಿದ್ದವು. ಕೆಳಗಿನ ಒಲೆಯ ಹೊಗೆ ಆಗಲೇ ಮೇಲಕ್ಕೆ ಬರುತ್ತಿತ್ತು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದೆ. ಒಳಗೆ ತುಂಬ ನೀರಿತ್ತು. ಗುರುತಿಗೆ ಸಿಪ್ಪೆಯ ಮೇಲೆ ಸುಣ್ಣದ ಒಂದು ಗೀಟೆಳೆದು, ಅವುಗಳ ನಡುವೆ ಜಾಗ ಮಾಡಿ ಮಲಗಿಸಿ, ಏಣಿ ಇಳಿದು, ಏಣಿಯನ್ನು ಅದರ ಮೂಲೆಗೆ ಇಟ್ಟೆ.